ಮುಂಬ್ರಾ ಗುಡ್ಡ ಹತ್ತಿದ ವಜನ್ ಕಾಟಾ

ಲೀಲಾಧರನಿಗೆ ದೇವರು ಬೇರೇನು ಕೊಟ್ಟಿದ್ದನೋ ಇಲ್ಲವೋ, ಗಂಟಲನ್ನಂತೂ ಧಾರಾಳವಾಗಿ ಕೊಟ್ಟಿದ್ದ. ಡೊಂಬಿವಲಿ ಸ್ಟೇಷನ್ನಿನ ಪಕ್ಕದ ಉಡುಪಿ ಹೋಟೆಲಿನಲ್ಲಿ ಮೀಸೆ ಮೂಡುವ ಮೊದಲೇ ಸೇರಿದವನು ಮೀಸೆ ನರೆಯುವ ತನಕ ಅಲ್ಲೇ ಸಪ್ಲೈಯರ್ ಆಗಿದ್ದ. ಅವನು ಮೇಜುಗಳ ನಡುವೆ ನಿಂತು "ಎರಡು ಮಸಾಲೆ, ಒಂದು ಸಾದಾ" ಎಂದು ಕೂಗಿದರೆ ಒಳಗಿನ ಭಟ್ಟರಿಗಷ್ಟೇ ಅಲ್ಲ, ಪ್ಲಾಟ್‌ಫಾರ್ಮಿನಲ್ಲಿ ಲೋಕಲ್ ಕಾಯುತ್ತಿದ್ದವರಿಗೂ ಕೇಳಿಸುತ್ತಿತ್ತು. ಕೆಲವರು ಗಾಡಿ ಬಿಟ್ಟು ದೋಸೆಗೆ ಬಂದದ್ದೂ ಉಂಟು.

ತೊಂಬತ್ತೇಳರಲ್ಲಿ ಹೋಟೆಲಿನ ಧಣಿಗೆ ಕಾಲ ಬದಲಾಗಿದೆ ಎಂದು ಹೊಳೆಯಿತು. ಗಾಜಿನ ಬಾಗಿಲು ಬಂತು, ಎ.ಸಿ. ಬಂತು, ಎಲ್ಲಿಂದಲೋ ಸಣ್ಣಗೆ ಕೊಳಲು ಕೇಳತೊಡಗಿತು. ಮೊದಲ ದಿನವೇ ಲೀಲಾಧರ ಅಭ್ಯಾಸಬಲದಿಂದ "ಒಂದು ರವೆ ಇಡ್ಲಿ" ಎಂದದ್ದಕ್ಕೆ ಮೂಲೆಯಲ್ಲಿ ಕುಳಿತಿದ್ದ ಮಾರ್ವಾಡಿ ದಂಪತಿಗಳ ಕೈಯ ಸೂಪು ಮೈಮೇಲೆ ಚೆಲ್ಲಿತು. ಧಣಿ ಅವನನ್ನು ಹಿಂದಕ್ಕೆ ಕರೆದು, "ಲೀಲಾಧರಾ, ನೀನೊಳ್ಳೆಯ ಜನ. ಆದರೆ ನಿನ್ನ ಸ್ವರಕ್ಕೆ ಈ ಗಾಜು ತಾಳುವುದಿಲ್ಲ ಮಾರಾಯ" ಎಂದು ಕೈಮುಗಿದ.

ಆ ಹೋಟೆಲಿಗೆ ಭಾನುವಾರ ತಪ್ಪದೆ ಬರುತ್ತಿದ್ದವರು ಡಾಕ್ಟರ್ ಜಯಲತಾ. ಮೈಸೂರು ಕಡೆಯವರು, ಒಂಟಿ ಹೆಂಗಸು. ಕಲ್ಯಾಣದಲ್ಲಿ ಒಂದು ಗಡಿಯಾರ ರಿಪೇರಿ ಅಂಗಡಿಯ ಮೇಲೆ ಎಚ್ಐವಿ ತಗುಲಿದವರಿಗಾಗಿ ಸಣ್ಣದೊಂದು ಧರ್ಮಾರ್ಥ ದವಾಖಾನೆ ನಡೆಸುತ್ತಿದ್ದರು. ಅದು ಆ ರೋಗದ ಹೆಸರು ಕೇಳಿದರೆ ಜನ ಗ್ಲಾಸು ತೊಳೆಯಲು ಓಡುತ್ತಿದ್ದ ಕಾಲ. ಲೀಲಾಧರನ ಸುದ್ದಿ ತಿಳಿದು ಅವರು ಅವನನ್ನು ಕರೆಸಿದರು.

"ಯಾವ ಟೇಬಲ್ಲಿನವರು ಏನು ತಿಂದರು ಅಂತ ವರ್ಷಗಟ್ಟಲೆ ನೆನಪಿಟ್ಟುಕೊಳ್ತೀರಲ್ಲ, ನಮಗೆ ಮುಖ ನೆನಪಿಡೋ ಜನ ಬೇಕು. ಬರ್ತೀರಾ?"

"ರೋಗ ಅಂಟುವುದಿಲ್ಲವಾ ಮೇಡಂ?"

"ಮಾತಾಡಿದ್ರೆ ಅಂಟಲ್ಲ. ಅಂಟೋ ಹಾಗಿದ್ರೆ ನಿಮ್ಮನ್ನ ಕರೀತಾನೇ ಇರಲಿಲ್ಲ, ನೀವು ಅಷ್ಟು ಮಾತಾಡ್ತೀರಿ."

ಲೀಲಾಧರ ಸೇರಿದ. ಮೊದಲ ಬೆಳಿಗ್ಗೆಯೇ ಬಾಗಿಲಲ್ಲಿ ನಿಂತು ರೋಗಿಯೊಬ್ಬನ ಪೂರ್ತಿ ಹೆಸರನ್ನು ತಂದೆಯ ಹೆಸರಿನ ಸಮೇತ ಕೂಗಿದ. ಕಾಯುತ್ತಿದ್ದವರೆಲ್ಲ ಒಮ್ಮೆಗೇ ಮುಖಕ್ಕೆ ಪೇಪರ್ ಹಿಡಿದರು. ಕರೆಸಿಕೊಂಡವನು ಮೆಟ್ಟಿಲಿಳಿದು ಓಡಿದ. ಇಲ್ಲಿ ಹೆಸರು ಕೂಗುವಂತಿಲ್ಲ, ಪಿಸುಗುಟ್ಟಬೇಕು ಎಂದು ಡಾಕ್ಟರಮ್ಮ ತಿಳಿಹೇಳಿದರು. ಅವನು ಪಿಸುಗುಟ್ಟಿದ. ಮಧ್ಯಾಹ್ನ ಕೆಳಗಿನ ಗಡಿಯಾರದವನು ಮೇಲೆ ಬಂದು, ಶಿವರಾಯ ಅನ್ನುವವರಿಗೆ ಜ್ವರ ಕಡಿಮೆಯಾಯಿತಾ ಎಂದು ಕಾಳಜಿಯಿಂದ ವಿಚಾರಿಸಿಕೊಂಡು ಹೋದ. ಲೀಲಾಧರನಿಗೆ ಹೊರಗಿನ ಕೆಲಸವೇ ಸರಿ ಎಂದು ಅಂದೇ ತೀರ್ಮಾನವಾಯಿತು.

ಹೊರಗಿನ ಕೆಲಸ ಬೇಕಾದಷ್ಟಿತ್ತು. ಡಾಕ್ಟರಮ್ಮನ ತಲೆಯನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ರೋಗ ಎಲ್ಲಿಗೆ ಮುಟ್ಟಿದೆ, ಔಷಧ ಯಾವಾಗ ಶುರು ಮಾಡಬೇಕು ಎಂದು ತಿಳಿಯಲು ಆಗ ಎರಡು ದಾರಿಗಳಿದ್ದವು. ಕೈಯಲ್ಲಿ ಕಾಸಿದ್ದವರು ಕೆಲವು ತಿಂಗಳಿಗೊಮ್ಮೆ ಮುಂಬಯಿಗೆ ರಕ್ತ ಕಳಿಸಿ, ಅದರೊಳಗಿನ ರೋಗ ತಡೆಯುವ ಕಾವಲು ಕಣಗಳ ಎಣಿಕೆ ತರಿಸುತ್ತಿದ್ದರು. ಇಲ್ಲದವರನ್ನು ಡಾಕ್ಟರಮ್ಮ ತೂಕ ನೋಡಿ, ನಾಲಿಗೆ ನೋಡಿ, ಜ್ವರ ನೋಡಿಯೇ ಅಳೆಯುತ್ತಿದ್ದರು. ಅಷ್ಟು ದುಬಾರಿಯ ರಕ್ತಪರೀಕ್ಷೆ ನಿಜಕ್ಕೂ ಜೀವ ಉಳಿಸುತ್ತದೆಯೋ, ಅಥವಾ ತೂಕ ನೋಡಿದರೂ ಸಾಕೋ? ದವಾಖಾನೆಗೆ ಬಂದವರ ವರ್ಷಗಳ ವಿವರವನ್ನೆಲ್ಲ ಒಟ್ಟುಹಾಕಿ ಹೋಲಿಸಬೇಕೆಂದು ಅವರು ಹೊರಟಿದ್ದರು.

ಲೀಲಾಧರನಿಗೆ ಇದು ತಟ್ಟನೆ ಅರ್ಥವಾಯಿತು. ರಕ್ತದವರು ಸ್ಪೆಷಲ್, ತೂಕದವರು ಸಾದಾ. ಆಮೇಲೆ ಡಾಕ್ಟರಮ್ಮನೂ ಹಾಗೇ ಕರೆಯತೊಡಗಿದರು.

ತೊಡಕೆಂದರೆ, ಸ್ಪೆಷಲ್‌ನವರು ತಪ್ಪದೆ ಬರುತ್ತಿದ್ದರು. ಸಾದಾದಲ್ಲಿ ಅರ್ಧಕ್ಕರ್ಧ ಜನ ಮಾಯವಾಗಿದ್ದರು. ಅವರೆಲ್ಲ ಸತ್ತೇ ಹೋಗಿದ್ದರೆ ಸ್ಪೆಷಲ್ ಗೆದ್ದಂತೆ. ಸತ್ತಿಲ್ಲದಿದ್ದರೆ ಲೆಕ್ಕವೇ ಬೇರೆ. ಅವರನ್ನು ಹುಡುಕಿ, ಅಕ್ಕಪಕ್ಕದವರಿಗೆ ಸುಳಿವು ಸಿಗದಂತೆ ಮಾತಾಡಿಸಿ, ಸಾಧ್ಯವಾದರೆ ತೂಕ ನೋಡಿ ಬರಬೇಕು. ಡಾಕ್ಟರಮ್ಮ ಅವನ ಕೈಗೆ ನಿಂತು ತೂಗುವ ಚಪ್ಪಟೆ ವಜನ್ ಕಾಟಾ ಕೊಟ್ಟರು.

ಕಾಟಾ ಬಂದಲ್ಲಿಂದ ಅವನ ಬಾಳು ತಲೆಕೆಳಗಾಯಿತು. ಎಲ್ಲಿ ಕೆಲಸವೆಂದು ಹೆಂಡತಿ ರತ್ನಾವತಿಗೂ ಅವನು ಹೇಳಿರಲಿಲ್ಲ. ಕೇಳಿದರೆ ಹೆದರಿಯಾಳು, ಚಾಳಿನಲ್ಲಿ ನೀರು ಹಿಡಿಯಲೂ ಬಿಟ್ಟಾರೋ ಇಲ್ಲವೋ ಎಂಬ ಅಳುಕು. ಆದರೆ ದಿನಾ ಬೆಳಿಗ್ಗೆ ಚೀಲದಲ್ಲಿ ಕಾಟಾ ಹೊತ್ತು ಹೊರಡುವುದು ಪಕ್ಕದ ಮನೆ ಸತ್ಯಭಾಮಕ್ಕನ ಕಣ್ಣಿಗೆ ಬಿತ್ತು.

"ಎಂತ ಲೀಲಾಧರಣ್ಣ, ಈಗ ಯಾವ ಆಫೀಸು?"

"ತೂಕದ್ದು" ಎಂದು ಅವನು ಗಾಡಿ ಹಿಡಿಯುವ ಅವಸರದಲ್ಲಿ ಹೇಳಿ ಹೋದ.

ಸಂಜೆಯೊಳಗೆ ಇಡೀ ಗಲ್ಲಿಗೆ ಅವನು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದ. ರತ್ನಾವತಿ ಒಂದು ಕಿಲೋ ಬೆಂಡೆ ಕೇಳಿದರೆ ಭಾಜಿಯವನು ತಕ್ಕಡಿ ನೆಲ ಮುಟ್ಟುವ ತನಕ ಹಾಕಿ, ಮೇಲೊಂದು ಹಿಡಿ ಕೊತ್ತಂಬರಿ ಇಡತೊಡಗಿದ. ಕಿರಾಣಿಯವನು ಅವಳ ಎದುರೇ ತೂಕದ ಬಟ್ಟುಗಳನ್ನು ಒರೆಸಿ ತೋರಿಸುತ್ತಿದ್ದ. ಗಂಡನಿಗೆ ಸರಕಾರಿ ಕೆಲಸ ಸಿಕ್ಕಿಯೂ ತನಗೆ ಹೇಳಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂದರೂ, ಬೆಂಡೆ ಹುರಿಯುತ್ತ ಅದನ್ನು ನುಂಗಿಕೊಂಡಳು.

ಇತ್ತ ಲೀಲಾಧರ ಊರೂರು ಅಲೆದ. ಒಂದು ಕಡೆ ವಿಮೆಯವನಾದ, ಇನ್ನೊಂದು ಕಡೆ ದೂರದ ನೆಂಟನಾದ. ಅಂಬರನಾಥದಲ್ಲೊಂದು ಬಾಗಿಲು ತಟ್ಟಿದಾಗ ಗೋಡೆಯ ಮೇಲಿನ ಫೋಟೋಕ್ಕೆ ಹಾರ ಬಿದ್ದಿತ್ತು. ಅವನು ಚೀಲ ಬಿಚ್ಚದೆ, ಮುದುಕಿ ಕೊಟ್ಟ ನೀರು ಕುಡಿದು, ಅಂದು ಯಾರ ಬಳಿಯೂ ಮಾತಾಡದೆ ವಾಪಸಾದ. ಅಂಥವು ಕೆಲವು ಇದ್ದವು. ಎಲ್ಲವೂ ಹಾಗಿರಲಿಲ್ಲ.

ಮುಂಬ್ರಾದ ಗುಡ್ಡದ ಮೇಲಿನ ಜೋಪಡಿಗಳ ವಸ್ತಿಯಲ್ಲಿ ಕಲಬುರಗಿಯ ಮಾಪಣ್ಣ ಇದ್ದ. ಮಹಾಪೆಯ ಗೋಡೌನೊಂದರಲ್ಲಿ ಲೋಡಿಂಗ್ ಕೆಲಸ. ಒಂದೂವರೆ ವರ್ಷದಿಂದ ದವಾಖಾನೆಗೆ ತಲೆ ಹಾಕಿರಲಿಲ್ಲ. ಮೂಳೆ ಕಾಣುತ್ತಿದ್ದ ಸಾದಾ ಗಿರಾಕಿ. ಉಳಿದಿರುವುದು ಕಷ್ಟವೆಂದೇ ಡಾಕ್ಟರಮ್ಮ ಅಂದುಕೊಂಡಿದ್ದರು. ಲೀಲಾಧರ ಏದುಸಿರು ಬಿಡುತ್ತ ಗುಡ್ಡ ಹತ್ತಿದಾಗ ಮಾಪಣ್ಣನ ಹೆಂಡತಿ ಚಂದ್ರಬಾಯಿ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಅಕ್ಕಪಕ್ಕದವರಿಗೆ ಗೊತ್ತಿರಲಿಲ್ಲ, ಮತ್ತು ಅಕ್ಕಪಕ್ಕದವರೆಲ್ಲ ಅಲ್ಲೇ ಕುಳಿತಿದ್ದರು.

"ಯಾರ್ರಿ ಇವರು?" ಎಂದಳು ಒಬ್ಬಾಕೆ.

ಲೀಲಾಧರನಿಗೆ ಆ ಹೊತ್ತಿಗೆ ಏನೂ ತೋಚಲಿಲ್ಲ. ಕಾಟಾ ತೆಗೆದು ನೆಲದ ಮೇಲಿಟ್ಟು, "ತೂಕ ನೋಡ್ಲಿಕ್ಕೆ ಬಂದದ್ದು. ಪುಕ್ಕಟೆ" ಎಂದ.

ಅವನ ಮಾತು ಗುಡ್ಡದ ಬುಡದ ತನಕ ಹೋಯಿತು. ಪುಕ್ಕಟೆ ಎಂಬ ಶಬ್ದ ಇನ್ನೂ ಮುಂದಕ್ಕೆ ಹೋಯಿತು. ನೋಡುತ್ತಿದ್ದಂತೆ ಸಾಲು ಬೆಳೆಯಿತು. ಮುದುಕರು ಬಂದರು, ಬಸುರಿಯರು ಬಂದರು, ಒಬ್ಬ ತನ್ನ ಆಡನ್ನೇ ಹೊತ್ತು ತಂದ. ವಿಚಿತ್ರವೆಂದರೆ ಎಲ್ಲರೂ ಹಗುರವಾಗಿದ್ದರು. ದಪ್ಪಗಿದ್ದ ಹೆಂಗಸೊಬ್ಬಳು ಮುಳ್ಳನ್ನು ನೋಡಿ ನಾಚಿಕೊಂಡು, ಇನ್ನೊಂದು ಸಲ ನಿಲ್ಲಬಹುದೇ ಎಂದು ಕೇಳಿದಳು. ಕೊನೆಗೆ ಲೀಲಾಧರ ತಾನೇ ಹತ್ತಿ ನೋಡಿದ. ಮದುವೆಯ ದಿನ ಇದ್ದದ್ದಕ್ಕಿಂತಲೂ ಕಡಿಮೆ. ತನಗೇನೋ ಆಗಿದೆಯೆಂದು ಬೆದರಿ ಅವನು ಇಳಿದು ಮತ್ತೊಮ್ಮೆ ಹತ್ತಿದ.

ಅಷ್ಟರಲ್ಲಿ ಮಾಪಣ್ಣ ಕೆಲಸ ಮುಗಿಸಿ ಬಂದ. ಎದೆ ಅಗಲವಾಗಿತ್ತು, ಕೆನ್ನೆ ತುಂಬಿತ್ತು. ಸಾಲನ್ನೂ ಬೆವರುತ್ತಿದ್ದ ಲೀಲಾಧರನನ್ನೂ ನೋಡಿ ಸಂಗತಿ ಊಹಿಸಿದ.

"ಅಣ್ಣಾರ, ನೆಲ ಇಳಿಜಾರ ಅದ. ಕಾಟಾ ಒಂದ್ ಮಗ್ಗಲಕ್ಕ ವಾಲೇದ ನೋಡ್ರಿ."

ಹೌದು, ವಾಲಿತ್ತು. ಕೆಳಗಿನ ಹಿಟ್ಟಿನ ಗಿರಣಿಯ ಜಗಲಿ ಸಮತಟ್ಟಾಗಿದೆಯೆಂದು ಮಾಪಣ್ಣ ಕಾಟಾ ಹೊತ್ತು ಮುಂದೆ ನಡೆದ. ಜಗಲಿಯ ಮೇಲೆ ತೂಕ ಏರುತ್ತದೆಂದು ಸುದ್ದಿಯಾದದ್ದೇ ಹೆಂಗಸರು ಯಾರೂ ಹಿಂದೆ ಬರಲಿಲ್ಲ. ಸಾಲು ಕರಗಿತು, ಇಬ್ಬರೇ ಉಳಿದರು. ಮಾಪಣ್ಣ ಹತ್ತಿದ, ಮುಳ್ಳು ಭರ್ಜರಿಯಾಗಿ ತಿರುಗಿತು. ಲೀಲಾಧರ ಖುಷಿಪಟ್ಟು, ಆಮೇಲೆ ಅವನ ಸೊಂಟದಲ್ಲಿದ್ದ ಮೂಟೆ ಎತ್ತುವ ಕಬ್ಬಿಣದ ಕೊಕ್ಕೆಯನ್ನೂ ಬುತ್ತಿ ಡಬ್ಬಿಯನ್ನೂ ತೆಗೆಸಿದ. ಆದರೂ ಹಳೆಯ ತೂಕಕ್ಕಿಂತ ಬಹಳ ಹೆಚ್ಚಿತ್ತು.

"ಮತ್ತೆ ಯಾಕೆ ಬರಲಿಲ್ಲ ಮಾರಾಯ? ನಾವೆಲ್ಲ ಎಂತೆಂತದೋ ಅಂದುಕೊಂಡೆವು."

"ಆಗ ನಂಗ ಟಿಬಿ ಇತ್ತಲ್ರಿ, ಅದು ವಾಸಿ ಆತು. ಆರಾಮ ಆದಮ್ಯಾಗ ಒಂದಿನದ ಪಗಾರ ಬಿಟ್ಟು ಅಷ್ಟು ದೂರ ಯಾಕ್ ಬರಬೇಕಂತ ಸುಮ್ನ ಕುಂತೆ" ಎಂದ ಮಾಪಣ್ಣ. ಅನಂತರ ದನಿ ತಗ್ಗಿಸಿ, "ಡಾಕ್ಟರಮ್ಮಾರು ಬೈತಾರೇನ್ರಿ?" ಎಂದು ಕೇಳಿದ.

ಡಾಕ್ಟರಮ್ಮ ಬೈಯಲಿಲ್ಲ. ಸುದ್ದಿ ಕೇಳಿ ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಅತ್ತಿತ್ತ ನಡೆದಾಡಿದರು. ಅಂಥ ಇನ್ನೂ ಹಲವರು ಸಿಕ್ಕಿದ್ದರು: ಚೆನ್ನಾಗಿದ್ದರು, ಅದಕ್ಕೇ ಬರುತ್ತಿರಲಿಲ್ಲ.

"ನೋಡಿ, ಬರದವರೆಲ್ಲ ಹದಗೆಟ್ಟವರು ಅಂತ ನಾನೇ ಮನಸ್ಸಲ್ಲಿ ಬರೆದುಕೊಂಡುಬಿಟ್ಟಿದ್ದೆ. ಸ್ಪೆಷಲ್‌ನವರಲ್ಲಿ ಎಷ್ಟೋ ಜನ ಮೊದಲೇ ಹುಷಾರಿಲ್ಲದೆ, ಭಯ ಬಿದ್ದು ರಕ್ತ ಕೊಟ್ಟವರು. ಯಾರಿಗೆ ಯಾವುದು ಅಂತ ನಾವು ಚೀಟಿ ಎತ್ತಿ ಹಂಚಲಿಲ್ಲವಲ್ಲ, ಕಾಸು, ಭಯ ಎಲ್ಲ ನೋಡಿ ಅವರವರೇ ಆರಿಸಿಕೊಂಡದ್ದು. ಶುರುವಿನಲ್ಲಿ ಒಂದೇ ಥರ ಇದ್ದವರನ್ನು ಪಕ್ಕಪಕ್ಕ ಇಟ್ಟು ನೋಡಬೇಕು."

"ಮಸಾಲೆ ತಿಂದವನಿಗೆ ಹೊಟ್ಟೆ ನೋವು ಬಂದರೆ ಮೊದಲೇ ನೋವಿತ್ತಾ ಅಂತ ಕೇಳಬೇಕು, ಹಾಗೆಯಾ?"

"ಹಾಗೇ. ಆದರೆ ಸ್ವಲ್ಪ ಮೆತ್ತಗೆ ಹೇಳಿ."

ಲೀಲಾಧರ ಹೆಮ್ಮೆಯಿಂದ ಮನೆಗೆ ಬಂದರೆ ಅಲ್ಲಿ ಬೇರೆಯೇ ಸಭೆ ನೆರೆದಿತ್ತು. ಮಾರ್ಕೆಟ್ಟಿನ ಮೀನಿನವಳು ತೂಕದಲ್ಲಿ ಮೋಸ ಮಾಡುತ್ತಾಳೆ, ಇನ್ಸ್‌ಪೆಕ್ಟರ್ ಸಾಹೇಬರು ಈಗಲೇ ಬರಬೇಕೆಂದು ಸತ್ಯಭಾಮಕ್ಕ ಗಲ್ಲಿಯ ಹೆಂಗಸರನ್ನು ಕಟ್ಟಿಕೊಂಡು ನಿಂತಿದ್ದಳು. ಅವನು ತೊದಲಿದ. ಯಾರೂ ಕೇಳಲಿಲ್ಲ. ಅವನನ್ನೂ ಕಾಟಾವನ್ನೂ ಮೆರವಣಿಗೆಯಲ್ಲಿ ಒಯ್ದರು.

ಮೀನಿನವಳು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಲೀಲಾಧರ ಬೇರೆ ದಾರಿಯಿಲ್ಲದೆ ಬಂಗುಡೆಯ ಪೊಟ್ಟಣವನ್ನು ಕಾಟಾದ ಮೇಲಿಟ್ಟ. ಮನುಷ್ಯರನ್ನು ತೂಗುವ ಕಾಟಾಕ್ಕೆ ಅಷ್ಟು ಮೀನು ಯಾವ ಲೆಕ್ಕ? ಮುಳ್ಳು ಸೊನ್ನೆಯಿಂದ ಅಲುಗಲಿಲ್ಲ.

"ಮಗ್ ಮಾಝಾ ಮಾಸಾ ಹವೇಚಾ ಆಹೇ ಕಾ?" ಎಂದಳು ಮೀನಿನವಳು, ನನ್ನ ಮೀನೇನು ಗಾಳಿಯದ್ದೇ ಎಂಬಂತೆ. ಮಾರ್ಕೆಟ್ಟೇ ನಕ್ಕಿತು. ಇನ್ಸ್‌ಪೆಕ್ಟರ್ ಸಾಹೇಬರ ಇಲಾಖೆ ಅಲ್ಲಿಗೆ ಮುಚ್ಚಿಹೋಯಿತು.

ಮನೆಗೆ ಬಂದು ಬಾಗಿಲು ಹಾಕಿಕೊಂಡು ರತ್ನಾವತಿ ಎದುರು ಕುಳಿತಳು. ಅವನು ಎಲ್ಲ ಹೇಳಿದ. ರೋಗಿಗಳ ಹೆಸರು ಮಾತ್ರ ಬಿಟ್ಟ.

"ಹೆದರಿಕೆ ಆಯಿತಾ?" ಎಂದ.

"ಅದಲ್ಲ. ಇಷ್ಟು ಸಮಯ ನೀವು ಬಾಯಿ ಮುಚ್ಚಿ ಕೂತಿದ್ದಿರಿ ಅಂತ ನಂಬ್ಲಿಕ್ಕೇ ಆಗುವುದಿಲ್ಲ. ನಾನು ಮಾಡಿದ ಪಾಯಸ ತಳ ಹಿಡಿದದ್ದನ್ನು ಇಡೀ ಕಟ್ಟಡಕ್ಕೆ ಸಾರಿದ ಜನ ನೀವು." ಆಮೇಲೆ ಕೇಳಿದಳು, "ಅವರಿಗೆಲ್ಲ ಊಟ ಸೇರುತ್ತದಾ?"

ಮುಂದಿನ ವಾರ ಅವಳೇ ದವಾಖಾನೆಗೆ ಬಂದಳು. ಮಾಪಣ್ಣನೂ ಚಂದ್ರಬಾಯಿಯೂ ಅಂದೇ ಬಂದಿದ್ದರು. ರತ್ನಾವತಿ ಚಂದ್ರಬಾಯಿಯ ಪಕ್ಕ ಕುಳಿತಳು. ಒಬ್ಬಳ ಮಾತು ಇನ್ನೊಬ್ಬಳಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ. ಆದರೂ ಗಂಡಂದಿರ ವಿಷಯವಾದ್ದರಿಂದ ಸಂಜೆಯ ತನಕ ಸಾಗಿತು.

ತೊಂಬತ್ತೊಂಬತ್ತರಲ್ಲಿ ಠಾಣೆಯಲ್ಲಿ ವೈದ್ಯರ ಸಭೆಯೊಂದು ಸೇರಿದಾಗ ಡಾಕ್ಟರಮ್ಮ ತಮ್ಮ ಹೋಲಿಕೆಯನ್ನು ಓದಿದರು. ಲೀಲಾಧರ ಇಸ್ತ್ರಿ ಅಂಗಿ ಹಾಕಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ. ಅಧ್ಯಕ್ಷರು ಕೊನೆಗೆ ಯಾವುದು ಮೇಲು ಎಂದು ಕೇಳಿದರು. ಒಂದೇ ಥರ ಇದ್ದವರನ್ನು ಜೋಡಿಸಿ ನೋಡಿದರೆ ರಕ್ತಪರೀಕ್ಷೆಗೂ ತೂಕಕ್ಕೂ ಇರುವ ಅಂತರ ಕಡಿಮೆಯಾಗುತ್ತದೆ. ಇಲ್ಲವೇ ಇಲ್ಲ ಎನ್ನಲು ಇನ್ನಷ್ಟು ಜನ, ಇನ್ನಷ್ಟು ವರ್ಷ ಬೇಕು ಎಂದರು ಡಾಕ್ಟರಮ್ಮ.

ಲೋಕಲ್ಲಿನಲ್ಲಿ ಲೀಲಾಧರ ಮುಖ ಊದಿಸಿಕೊಂಡಿದ್ದ. "ಅಷ್ಟು ಗುಡ್ಡ ಹತ್ತಿದ್ದೇನೆ ಮೇಡಂ. ಒಂದು ಕಡೆ ತೀರ್ಪು ಕೊಟ್ಟಿದ್ದರೆ ಎಂತ ಹೋಗ್ತಿತ್ತು?"

"ಸುಳ್ಳಾಗ್ತಿತ್ತು" ಎಂದು ಅವರು ಕಿಟಕಿಗೆ ತಲೆ ಆನಿಸಿದರು. "ಆದರೆ ಒಂದು ಕೆಲಸ ಮಾಡಬಹುದು. ಇಲ್ಲದವರು ಬಳೆ ಮಾರಿ ರಕ್ತ ಕಳಿಸೋದು ಬೇಡ. ತಿಂಗಳಿಗೊಮ್ಮೆ ತೂಕ ನೋಡೋಣ, ಇಳಿದರೆ ಮಾತ್ರ ಪರೀಕ್ಷೆ, ಅದನ್ನ ದವಾಖಾನೆಯಿಂದಲೇ ಮಾಡಿಸೋಣ. ಬರದವರ ಮನೆಗೆ ನೀವು ಹೋಗಿ. ಕೆಲಸ ಖಾಯಂ."

ಡೊಂಬಿವಲಿಯಲ್ಲಿ ಇಳಿದು ಅವನು ಮನೆಗೆ ನಡೆದ. ಸಭೆ ಹೇಗಾಯಿತೆಂದು ರತ್ನಾವತಿ ಕೇಳಲಿಲ್ಲ, ಊಟಕ್ಕೆ ಏನಿತ್ತು ಎಂದು ಕೇಳಿದಳು. ಪನೀರ್ ಇತ್ತು, ಪುಲಾವ್ ಇತ್ತು, ವೈದ್ಯರೆಲ್ಲ ಜಿಲೇಬಿಯನ್ನು ಎರಡೆರಡು ಸಲ ಹಾಕಿಸಿಕೊಂಡರು ಎಂದು ಅವನು ವಿವರಿಸತೊಡಗಿದ. ಅವಳು ತಟ್ಟೆಗೆ ಗಂಜಿ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.