ನಮ್ಮ ಮನೆಯ ಕಟ್ಟಿಗೆ ಯಂತ್ರ

ಗಂಟುಬಿದ್ದ ಜಾಲಿಯ ಕೊರಡನ್ನು ನೀವೆಂದಾದರೂ ಕೊಡಲಿಯಿಂದ ಒಡೆದಿದ್ದೀರೋ ಇಲ್ಲವೋ ನಾನರಿಯೆ. ಒಡೆದಿದ್ದರೆ ಅದರ ಹಟದ ಪರಿಚಯ ನಿಮಗಿರುತ್ತದೆ. ನಿಜಾಮರ ಕಾಲದಲ್ಲಿ ಗಂಗಾವತಿಯ ಭತ್ತದ ಸೀಮೆಯಿಂದ ಕುಕನೂರಿಗೆ ಸೊಸೆಯಾಗಿ ಬಂದವಳು ನಾನು. ಒಲೆ ಹೊತ್ತಿಸುವವಳೇ ಕಟ್ಟಿಗೆಯನ್ನೂ ಒಡೆಯಬೇಕೆಂಬ ಮನೆಯದು. ಬಂದ ಕೆಲವೇ ದಿನಗಳಲ್ಲಿ ನನ್ನ ಎರಡೂ ಅಂಗೈಯಲ್ಲಿ ಗುಳ್ಳೆಗಳೆದ್ದವು. ಹಿರಿಯರ ಎದುರು ಗಂಡ ಹೆಂಡತಿ ಮಾತಾಡುವ ರೂಢಿ ಆಗ ಇರಲಿಲ್ಲ. ರೊಟ್ಟಿ ಬಡಿಸುವಾಗ ನಮ್ಮ ಯಜಮಾನರು ನನ್ನ ಕೈ ಕಂಡರು. ಮರುದಿನ ಕಿರಾಣಿ ಅಂಗಡಿಯ ಬಾಗಿಲು ಹಾಕಿ ಬಂದು ಹಿತ್ತಲಲ್ಲಿ ಎರಡು ಕಂಬ ನೆಟ್ಟರು.

ಕಂಬಗಳ ನಡುವೆ ಬಾವಿಯ ಗಾಲಿ, ಗಾಲಿಗೆ ಹಗ್ಗ, ಹಗ್ಗಕ್ಕೆ ಕಲ್ಲು, ಕಲ್ಲಿನಡಿ ಕೊಡಲಿಯ ಅಲಗು. ಹಗ್ಗ ಎಳೆದು ಬಿಟ್ಟರೆ ಕೊರಡು ಸೀಳಬೇಕು. ಮೊದಲ ಏಟಿಗೆ ಕೊರಡು ಕಪ್ಪೆಯಂತೆ ಜಿಗಿದು ಗೋಡೆಯಾಚೆ ಹೋಯಿತು. ಗುಣಿ ತೋಡಿ ನಿಲ್ಲಿಸಿದರೆ ಕಲ್ಲಿನ ಭಾರ ಸಾಲದಾಯಿತು; ಭಾರದ ಕಲ್ಲು ಕಟ್ಟಿದರೆ ಎಳೆಯುವ ಕೈ ಸಾಲದಾದವು. ಸುಧಾರಣೆ ಎಂಬುದರ ಸ್ವಭಾವವೇ ಹೀಗೇನೋ, ಒಂದು ತೊಡಕು ಬಿಡಿಸಿದ ಸಂತೋಷಕ್ಕೆ ಇನ್ನೊಂದನ್ನು ಮನೆಗೆ ಕರೆತರುತ್ತದೆ. ಕೊನೆಗೆ ಓಣಿಯ ನಾಲ್ವರು ಗೆಳೆಯರು ಬಂದು ‘ಹೋ’ ಎಂದು ಎಳೆದರು, ಕೊರಡು ಸೀಳಿತು, ನಾಲ್ವರೂ ಊಟಕ್ಕೆ ಕುಳಿತರು.

ಅತ್ತೆ ಮಗನ ಮೇಲೆ ಸಿಡಿದರು. “ಕಟ್ಟಿಗಿ ಒಡ್ಯಾಕ ನಾಕು ಮಂದಿ, ಆ ಮಂದಿಗೆ ರೊಟ್ಟಿ ಸುಡಾಕ ಮತ್ತ ಅದ ಕಟ್ಟಿಗಿ! ತಮ್ಮಾ, ನಿನ್ನ ಯಂತ್ರದ ಹೊಟ್ಟಿ ಭಾಳ ದೊಡ್ಡದೈತಿ. ನಾಳೆ ಇದನ್ನ ಕಿತ್ತು ಒಲಿಗೆ ಹಾಕ್ತೀನಿ ನೋಡು.”

ಆ ಕಂಬಗಳು ಯಾರ ಸಲುವಾಗಿ ನಿಂತವೆಂದು ನನಗೆ ಗೊತ್ತಿತ್ತು. ಅವು ಬೂದಿಯಾಗುವುದನ್ನು ನೋಡಲಾರೆನಾದೆ. ಗಂಡನಿಗೆ ನೇರವಾಗಿ ಹೇಳುವಂತಿಲ್ಲ. ಸಂಜೆ ಹಿಂಡಿ ಇಡುತ್ತ ಎಮ್ಮೆಗೆ ಹೇಳಿದೆ: “ನಮ್ಮೂರಾಗ ತೊಲಿ ಅಡ್ಡ ಹಾಕಿ, ಒಂದು ತುದಿ ಕಾಲಿಂದ ತುಳಿದು ಭತ್ತ ಕುಟ್ತಾರ. ಆಕಡಿ ತುದಿಗೆ ಈ ಕಲ್ಲು ಕಟ್ಟಿದ್ರ ಹಗ್ಗಾನೂ ಬ್ಯಾಡ, ಮಂದೀನೂ ಬ್ಯಾಡ.”

ಎಮ್ಮೆ ಮೆಲುಕು ಹಾಕಿತು. ಕಂಬದ ಮರೆಯಲ್ಲಿದ್ದ ನಮ್ಮವರು ಕೇಳಿಸಿಕೊಂಡರು.

ಬೆಳಗಾಗುವಷ್ಟರಲ್ಲಿ ಕಂಬಗಳ ನಡುವೆ ತೊಲೆ ಅಡ್ಡ ಕೂತಿತ್ತು. ಕೀಳಲೆಂದೇ ಬಂದ ಅತ್ತೆ ಒಮ್ಮೆ ತುಳಿದು ನೋಡಿದರು. ಕಾಲು ತೆಗೆದೊಡನೆ ಕೊರಡು ಎರಡಾಯಿತು. ಆಮೇಲೆ ಇಳಿಯಲೇ ಒಲ್ಲರು.

“ಛಲೋ ಆತು. ಯಾರು ಹೇಳಿದ್ರು ತಮ್ಮಾ?”

“ಅಕಿ.”

“ಅಕಿ ಅಂದ್ರ? ಎಮ್ಮಿ ಏನು?”

ಕಲ್ಲು ಬೀಳುವ ಸದ್ದಿಗೆ ಸರಿಯಾಗಿ ಯಜಮಾನರು ಏನೋ ಗೊಣಗಿದರು. ಅತ್ತೆ ಮತ್ತೆ ತುಳಿದು, ಕಲ್ಲನ್ನು ಮೇಲೆಯೇ ಹಿಡಿದು ನಿಂತರು. “ಹೆಸರು ಹೇಳೂತನಾ ಕಾಲು ತಗ್ಯೂದಿಲ್ಲ.”

ಯಜಮಾನರ ಕಿವಿ ಹಣ್ಣು ಮೆಣಸಿನಕಾಯಿಯಾದವು. “ನೀಲವ್ವ” ಎಂದರು. ಮದುವೆಯಲ್ಲಿ ಒಡಪಿನ ಪ್ರಾಸದೊಳಗೆ ಸೇರಿಸಿ ಹೇಳಿದ್ದನ್ನು ಬಿಟ್ಟರೆ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು.

ಅತ್ತೆ ಕಾಲು ತೆಗೆದರು. ಕೊರಡು ಒಡೆಯಿತೋ ಇಲ್ಲವೋ, ನಾನು ನೋಡಲಿಲ್ಲ.