ಸರ್ವರ್ ಬಂತಾ?

ಹೋದ ತಿಂಗಳು ನಾನು ಎರಡು ಡಬ್ಬಿ ಗಾಳಿ ಕೊಂಡು ತಂದೆ. ಸೀಲ್ ಪ್ಯಾಕ್. ಡಿಸ್ಕೌಂಟ್ ಬೇರೆ ಸಿಕ್ಕಿತ್ತು. ಒಂದನ್ನು ನಮ್ಮ ಶಿರಸಿಯಲ್ಲೇ ಕೊಂಡೆ, ಇನ್ನೊಂದಕ್ಕಾಗಿ ಬಸ್ ಹತ್ತಿ ಸಿದ್ದಾಪುರಕ್ಕೆ ಹೋದೆ. (ಒಂದು ಡಬ್ಬಿ ಗಾಳಿ ಸಾಲದೆಂದು ತಾಲೂಕು ದಾಟಿ ಹೋದವರನ್ನು ನೀವು ನೋಡಿರಲಿಕ್ಕಿಲ್ಲ. ಈಗ ಅಂಥವರ ಅಂಕಣ ಓದುತ್ತಿದ್ದೀರಿ.)

ಮೊದಲಿನಿಂದ ಹೇಳುತ್ತೇನೆ.

ಸಿರಿ ನನ್ನ ಮಗಳು. ಮಾನ್ಯ ನನ್ನ ಅಣ್ಣನ ಮಗಳು. ಇಬ್ಬರೂ ಎಂಟನೇ ಕ್ಲಾಸು. ಮೊನ್ನೆ ಮೊನ್ನೆಯವರೆಗೆ ಒಂದೇ ಓಣಿ, ಒಂದೇ ಶಾಲೆ, ಒಂದೇ ಬೆಂಚು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳಿಗೂ ಹೊಟ್ಟೆನೋವು ಬರುತ್ತಿತ್ತು, ರಜೆ ಹಾಕಲು. ಈ ವರ್ಷ ಅಣ್ಣನಿಗೆ ಯಲ್ಲಾಪುರಕ್ಕೆ ಟ್ರಾನ್ಸ್‌ಫರ್ ಆಯಿತು. ಯಲ್ಲಾಪುರವೇನು ಸಮುದ್ರದಾಚೆ ಇಲ್ಲ, ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ವಾಪಸ್ ಬರಬಹುದು. ಆದರೆ ಸ್ವಂತ ಸ್ಕೂಟರ್ ಇಲ್ಲದ ವಯಸ್ಸಿಗೆ ಅದೇ ದೂರ.

ಮೊದಮೊದಲು ದಿನಾ ಫೋನು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಹೀಗೆ:

"ಎಂತ ಮಾಡ್ತಾ ಇದ್ದೆ?"

"ಎಂತದೂ ಇಲ್ಲೆ."

"ಮತ್ತೆ?"

"ಮತ್ತೆಂತದೂ ಇಲ್ಲೆ."

"ಅಡ್ಡಿಲ್ಲೆ. ಇಡ್ತೆ."

ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ನನಗೆ ಇದನ್ನು ಕೇಳಿ ನಿಜಕ್ಕೂ ಸಂಕಟವಾಯಿತು. ಬಾಯಿ ಮುಚ್ಚಿ ಎಂದು ದಿನಕ್ಕೆ ಹತ್ತು ಸಲ ಬೈಸಿಕೊಳ್ಳುತ್ತಿದ್ದ ಹುಡುಗಿಯರು ಇವರೇನಾ? ಜಗಳವಾಗಿದ್ದರೆ ಬಿಡಿಸಬಹುದಿತ್ತು. ಇಲ್ಲಿ ಜಗಳವೂ ಇಲ್ಲ. ಇಬ್ಬರೂ ಸೇರಿ ಮಾಡುವಂಥದ್ದು ಏನಾದರೂ ಹುಡುಕಿ ಕೊಡದಿದ್ದರೆ ಈ ಗೆಳೆತನ ಸದ್ದಿಲ್ಲದೆ ಮುಗಿದುಹೋಗುತ್ತದೆ ಅನ್ನಿಸಿತು.

ಎರಡೂ ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಒಂದೇ ನಮೂನೆಯ ಗೇಮ್ ಬಾಕ್ಸ್ ಇದೆ. (ಹುಬ್ಬಳ್ಳಿಯ ಯಾವುದೋ ಆಫರಿನಲ್ಲಿ ಅಣ್ಣ ಒಂದರ ಬದಲು ಎರಡು ಹೊತ್ತು ತಂದಿದ್ದ. ಆಫರಿನ ಹುಚ್ಚು ನಮ್ಮ ಮನೆತನದ ಕಾಯಿಲೆ.) ಅದಕ್ಕೊಂದು ಜೋಡಿ ಆಟ ಕೊಡಿಸಿದರಾಯಿತು ಎಂದುಕೊಂಡು ಪೇಟೆಗೆ ಹೊರಟೆ.

ವೀರೇಶಣ್ಣನ ಅಂಗಡಿಯಲ್ಲಿ ಎಲ್ಲವೂ ಸಿಗುತ್ತದೆ. ಟಿವಿ ರಿಮೋಟು, ಇಯರ್‌ಫೋನು, ಸೊಳ್ಳೆ ಬ್ಯಾಟು, ಹಿಂದಿನ ಗೋಡೆಗೆ ವಿಡಿಯೋ ಗೇಮ್ ಡಬ್ಬಿಗಳ ಸಾಲು. ಅವರು ಬನವಾಸಿ ಕಡೆಯವರು. ಮಾತು ಜೋರು, ನಗು ಇನ್ನೂ ಜೋರು.

"ಇಬ್ಬರು ಸೇರಿ ಆಡೋದು ಬೇಕಿತ್ತು. ಇಬ್ಬರೂ ಬೇರೆ ಬೇರೆ ಊರಲ್ಲಿ ಇರ್ತಾರೆ" ಎಂದೆ.

"ಬರ್ರಿ ಮೇಡಂ, ಇದನ್ನ ನೋಡ್ರಿ. ಇಬ್ಬರು ಕೂಡಿ ಒಂದು ದ್ವೀಪ ಕಟ್ಟೂದು. ಫುಲ್ ಆನ್‌ಲೈನ್."

"ಶಿರಸಿ, ಯಲ್ಲಾಪುರ ಆದ್ರೆ ಆಗ್ತದಾ?"

"ಶಿರಸಿ, ಅಮೆರಿಕ ಆದ್ರೂ ಆಗ್ತೈತ್ರಿ!"

ಅವರಲ್ಲಿ ಒಂದೇ ಪೀಸ್ ಇತ್ತು. ಇನ್ನೊಂದು ಸಿದ್ದಾಪುರದಲ್ಲಿ ಅವರ ಭಾವನ ಅಂಗಡಿಯಲ್ಲಿ ಇರಬೇಕು ಎಂದರು. "ಹಳೇ ಸ್ಟಾಕ್ ಅಲ್ಲ ತಾನೇ?" ಎಂದು ಕೇಳಿದೆ. "ಸೀಲ್ ಒಡದಿಲ್ರಿ ಮೇಡಂ" ಎಂದರು. ನನ್ನ ಪ್ರಶ್ನೆಗೂ ಅವರ ಉತ್ತರಕ್ಕೂ ಸಂಬಂಧವೇ ಇರಲಿಲ್ಲ ಎನ್ನುವುದು ಈಗ ಹೊಳೆಯುತ್ತಿದೆ. ಸಿದ್ದಾಪುರದಲ್ಲಿ ಅದು ಕುಕ್ಕರಿನ ಗ್ಯಾಸ್ಕೆಟ್‌ಗಳ ಹಿಂದೆ ಕೂತಿತ್ತು. ಭಾವ ಧೂಳು ಒರೆಸಿ, ಊದಿ, ಕವರಿಗೆ ಹಾಕಿ ಕೊಟ್ಟರು. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಡಿಸ್ಕೌಂಟ್ ಕೊಟ್ಟಿದ್ದರಲ್ಲ!

ಶನಿವಾರ ಬಂದ ಅಣ್ಣ ಒಂದು ಡಬ್ಬಿ ಒಯ್ದ. ಭಾನುವಾರ ಎರಡೂ ಊರಿನಲ್ಲಿ ಟಿವಿ ಮುಂದೆ ಎರಡೂ ಮನೆಯವರು ಜಮಾಯಿಸಿದೆವು. ಹುಡುಗಿಯರು ಫೋನಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಒಟ್ಟಿಗೇ ಡಿಸ್ಕ್ ಹಾಕಿದರು. ಸಮುದ್ರ ಕಾಣಿಸಿತು. ಸಂಗೀತ ಬಂತು. ಆಮೇಲೆ ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: ಸರ್ವರ್ ಸಿಗುತ್ತಿಲ್ಲ. ಅದರ ಕೆಳಗೆ ಸಣ್ಣಕ್ಷರದಲ್ಲಿ ಇನ್ನೂ ಏನೋ. ಸಣ್ಣಕ್ಷರ ಯಾರು ಓದುತ್ತಾರೆ?

ನೀವೇ ಹೇಳಿ, ಸರ್ವರ್ ಸಿಗುತ್ತಿಲ್ಲ ಎಂದರೆ ನಮ್ಮ ಕಡೆ ಯಾರಾದರೂ ಗಾಬರಿಯಾಗುತ್ತಾರಾ? ಪಾಸ್‌ಬುಕ್ ಎಂಟ್ರಿಗೆ ಹೋಗಿ, ಸರ್ವರ್ ಇಲ್ಲ. ಪಹಣಿ ತೆಗೆಸಲು ಹೋಗಿ, ಸರ್ವರ್ ಇಲ್ಲ. ನಾವು ಸಿಟ್ಟು ಮಾಡಿಕೊಳ್ಳುವುದಿಲ್ಲ. ಎದುರಿನ ಹೋಟೆಲಿನಲ್ಲಿ ಒಂದು ಚಾ ಕುಡಿದು ಬಂದು, ಬಾಗಿಲಲ್ಲೇ ನಿಂತು "ಬಂತಾ?" ಎಂದು ಕೇಳುತ್ತೇವೆ. ಸರ್ವರ್ ಎಂದರೆ ನಮಗೆ ಸ್ವಲ್ಪ ಹೊತ್ತು ಎಲ್ಲೋ ಹೋಗಿರುವಂಥದ್ದು. ಅದು ಪೂರ್ತಿ ಹೋಗಿಬಿಡಬಹುದು ಎಂಬ ಕಲ್ಪನೆಯೇ ನಮಗಿಲ್ಲ.

ಅದರಲ್ಲೂ ನನ್ನ ಅತ್ತೆ ಈ ವಿಷಯದಲ್ಲಿ ಡಾಕ್ಟರೇಟ್ ಮಾಡಿದವರು. ತಿಂಗಳು ತಿಂಗಳು ರೇಶನ್ ಅಂಗಡಿಯ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಪಳಗಿದ್ದಾರೆ.

"ಈಗ ಊರವೆಲ್ಲಾ ಒತ್ತತಾ ಇರ್ತ. ಈಗ ಬತ್ತಿಲ್ಲೆ" ಎಂದರು ಅತ್ತೆ. "ಬೆಳಿಗ್ಗೆ ಆರು ಗಂಟೆಗೆ ನೋಡಿ. ಆಗ ಸರ್ವರ್ ಖಾಲಿ ಇರ್ತು. ಮತ್ತೆ ಕೂಸೇ, ಬೆರಳು ಒರೆಸ್ಕಂಡು ಒತ್ತು."

ಮರುದಿನ ಪವಾಡ ನಡೆಯಿತು. ಶಾಲೆಗೆ ಎಬ್ಬಿಸಲು ನಾನು ಗಂಟಲು ಹರಿದುಕೊಳ್ಳಬೇಕಾದ ಮಗಳು ತಾನಾಗಿ ಎದ್ದು ಟಿವಿ ಮುಂದೆ ಕೂತಿದ್ದಳು. ಕಿವಿಯಲ್ಲಿ ನನ್ನ ಫೋನು.

"ನಿಂಗೆ ಬಂತಾ?"

"ಇಲ್ಲೆ. ನಿಂಗೆ?"

"ನಂಗೂ ಇಲ್ಲೆ. ತಡಿ, ನೋಡನ."

ಹಾಗೆ ನೋಡುತ್ತಾ ನೋಡುತ್ತಾ ಮಾತು ಎಲ್ಲಿಗೋ ಹೋಯಿತು. ಯಲ್ಲಾಪುರದ ಶಾಲೆಯ ವಿಜ್ಞಾನ ಮಿಸ್ಸು ಸೀನುವ ರೀತಿ, ಇಲ್ಲಿ ಮಾನ್ಯಳ ಜಾಗದಲ್ಲಿ ಕೂತ ಹೊಸ ಹುಡುಗಿಯ ಜಂಬ. ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದ ನನಗೆ ಕಿಸಿಕಿಸಿ ನಗು ಕೇಳುತ್ತಿತ್ತು. ಪಾಪ, ಆಟ ಬರದಿದ್ದರೂ ಎಷ್ಟು ತಾಳ್ಮೆಯಿಂದ ಕಾಯುತ್ತಿವೆ ಮಕ್ಕಳು ಎಂದುಕೊಂಡೆ. ರಾತ್ರಿ ಮರೆಯದೆ ಫೋನನ್ನು ಚಾರ್ಜಿಗೆ ಹಾಕಿಟ್ಟೆ. ಮರುದಿನವೂ ಅದೇ. ಅದರ ಮರುದಿನವೂ ಅದೇ. ಸರ್ವರ್ ಮಾತ್ರ ಬರಲಿಲ್ಲ.

ಕೊನೆಗೊಂದು ಮಧ್ಯಾಹ್ನ, ಸಿರಿ ಶಾಲೆಗೆ ಹೋಗಿದ್ದಾಗ, ನಾನೇ ಟಿವಿ ಹಾಕಿ, ಕನ್ನಡಕ ಏರಿಸಿ, ಹತ್ತಿರ ಹೋಗಿ ನಿಂತು ಆ ಸಣ್ಣಕ್ಷರ ಓದಿದೆ. ಈ ಆಟದ ಆನ್‌ಲೈನ್ ಸೇವೆಯನ್ನು ಶಾಶ್ವತವಾಗಿ ನಿಲ್ಲಿಸಲಾಗಿದೆ. ಆಡಿದ್ದಕ್ಕೆ ಧನ್ಯವಾದಗಳು.

ಆಡಿದ್ದಕ್ಕಾ? ಯಾರು ಆಡಿದ್ದು ಮಾರಾಯರೆ?

ಡಿಸ್ಕ್ ಕವರಿಗೆ ಹಾಕಿಕೊಂಡು ನೇರ ವೀರೇಶಣ್ಣನ ಅಂಗಡಿಗೆ ನಡೆದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದೆ.

"ಡಿಸ್ಕ್ ತಿರಗ್ತೈತೋ ಇಲ್ಲೋ?" ಎಂದರು ಅವರು.

"ತಿರುಗ್ತದೆ."

"ಮತ್ತ ಮಾಲಿನಾಗ ಏನ್ ತಪ್ಪೈತ್ರಿ?"

ಫೋನಿನಲ್ಲಿ ಹುಡುಕಿ ತೋರಿಸಿದೆ. ಕಂಪನಿ ಆ ಆಟವನ್ನು ಬಂದ್ ಮಾಡಿ ವರ್ಷಗಳೇ ಆಗಿದ್ದವು. ಡಬ್ಬಿಯೊಳಗೆ ಇದ್ದದ್ದು ಬರೀ ಬಾಗಿಲು, ಒಳಗಿನ ಮನೆ ಕೆಡವಿಯಾಗಿದೆ. ವೀರೇಶಣ್ಣ ಎರಡೆರಡು ಸಲ ಓದಿದರು. ಅವರ ಮುಖ ನೋಡಿದ ಮೇಲೆ ನಾನು ಜೋಡಿಸಿಟ್ಟ ಬೈಗುಳವೆಲ್ಲ ಕರಗಿಹೋಯಿತು. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಹೋಲ್‌ಸೇಲಿನವರು ಲಾಟಿನಲ್ಲಿ ಕೊಟ್ಟದ್ದು, ಇವರು ಗೋಡೆಗೆ ಜೋಡಿಸಿದ್ದು. ಸ್ಟೂಲ್ ಹತ್ತಿ ಇಡೀ ಸಾಲನ್ನು ಕೆಳಗಿಳಿಸಿ, ಒಂದೊಂದೇ ಡಬ್ಬಿ ತಿರುವಿ ತಿರುವಿ ನೋಡಿದರು.

"ಎಕ್ಸ್‌ಪೈರಿ ಡೇಟ್ ಎಲ್ಲೂ ಬರದಿಲ್ಲಲ್ರಿ ಮೇಡಂ!"

ಹೌದಲ್ಲ! ಬ್ರೆಡ್ಡಿಗೆ ಇದೆ, ಕೆಮ್ಮಿನ ಸಿರಪ್ಪಿಗೆ ಇದೆ, ನೀರಿನ ಬಾಟಲಿಗೂ ಇದೆ. ಇಷ್ಟು ದೊಡ್ಡ ಆಟಕ್ಕೆ ಇಲ್ಲ. ಕಂಪನಿಯವರು ಎಲ್ಲೋ ದೂರದಲ್ಲಿ ಸ್ವಿಚ್ ಆರಿಸಿ ಮನೆಗೆ ಹೋದರು. ಅಂಗಡಿಯವರಿಗೆ ಒಂದು ಮಾತು ಹೇಳಬೇಕು ಎಂದು ಯಾರಿಗೂ ಅನ್ನಿಸಲಿಲ್ಲ. ನಮ್ಮ ಮನೆಯ ಕೇರಂ ಬೋರ್ಡು ನನ್ನ ಅಪ್ಪನ ಕಾಲದ್ದು, ಒಂದು ಮೂಲೆ ಗೆದ್ದಲು ತಿಂದಿದೆ. ಪೌಡರ್ ಹಾಕಿದರೆ ಇವತ್ತಿಗೂ ಆಡಬಹುದು. ಈ ಡಿಸ್ಕಿಗೆ ಒಂದು ಗೀರೂ ಬಿದ್ದಿಲ್ಲ, ಆಡಲಿಕ್ಕಾಗುವುದಿಲ್ಲ. ದುಡ್ಡು ಕೊಟ್ಟು ತಂದ ವಸ್ತು ನಮ್ಮದು ಎಂದು ನಂಬಿಕೊಂಡ ಕೊನೆಯ ಪೀಳಿಗೆ ನಮ್ಮದೇ ಇರಬೇಕು.

ಇಬ್ಬರೂ ಕೂತು ಉಳಿದ ಡಬ್ಬಿಗಳ ಹೆಸರು ಹಾಕಿ ಯಾವುದು ಇದೆ, ಯಾವುದು ಹೋಗಿದೆ ಎಂದು ಹುಡುಕಿದೆವು. ಹೋದವನ್ನು ವೀರೇಶಣ್ಣ ಬದಿಗೆ ಸರಿಸಿಟ್ಟರು. "ನಿಮ್ಮ ಎರಡೂ ವಾಪಸ್ ತಂದುಬಿಡ್ರಿ, ಬ್ಯಾರೆ ಏನರ ಒಯ್ಯಿರಿ. ಭಾವಗ ನಾ ಹೇಳ್ತೀನಿ" ಎಂದರು. ಒಳ್ಳೆಯ ಮನುಷ್ಯ.

ಆದರೆ ಮನೆಗೆ ಬರುವಾಗ ಹೊಸ ಚಿಂತೆ ಶುರುವಾಯಿತು. ಸರ್ವರ್ ಇನ್ನು ಬರುವುದಿಲ್ಲ ಎಂದು ಗೊತ್ತಾದರೆ ಬೆಳಗಿನ ಫೋನಿನ ಗತಿ ಏನು? ಮತ್ತೆ "ಎಂತದೂ ಇಲ್ಲೆ, ಇಡ್ತೆ" ಶುರುವಾಗುತ್ತದಲ್ಲ? ಮುಚ್ಚಿಡೋಣ ಎಂದರೆ ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆ ಸಿರಿಯನ್ನು ಕೂರಿಸಿಕೊಂಡು ಹೇಳಿದೆ.

"ಸಿರಿ, ಆ ಸರ್ವರ್ ಬತ್ತಿಲ್ಲೆ. ಯಾವತ್ತೂ ಬತ್ತಿಲ್ಲೆ. ನಾಳೆ ಡಿಸ್ಕ್ ವಾಪಸ್ ಕೊಡ್ತೆ."

"ಗೊತ್ತಿದ್ದು" ಎಂದಳು ಅವಳು, ಚಕ್ಕುಲಿ ಮುರಿಯುತ್ತಾ.

"ಎಂತ ಗೊತ್ತಿದ್ದು?"

"ಆಟ ಬಂದ್ ಆಯ್ದು ಹೇಳಿ. ಮೊದಲ್ನೇ ದಿನವೇ ಇಬ್ರೂ ಸಣ್ಣಕ್ಷರ ಓದಿದ್ಯ. ಮಾನ್ಯಂಗೂ ಗೊತ್ತಿದ್ದು."

"ಮತ್ತೆ ದಿನಾ ಬೆಳಿಗ್ಗೆ ಎದ್ದು ಎಂತದೇ ನೋಡ್ತಾ ಇದ್ದಿದ್ದು?"

"ಯಂಗ ಇಬ್ರೂ ಮಾತಾಡ್ತಾ ಇದ್ದಿದ್ಯ. ಸುಮ್ಮನೆ ಫೋನ್ ಕೇಳಿದ್ರೆ ಎಂತಕ್ಕೆ ಹೇಳಿ ನೂರು ಸಲ ಕೇಳ್ತೆ ನೀನು. ಸರ್ವರ್ ಬಂತಾ ನೋಡವು ಅಂದ್ರೆ ನೀನೇ ಚಾರ್ಜ್ ಮಾಡಿ ಕೊಡ್ತೆ." ಚಕ್ಕುಲಿಯ ಇನ್ನೊಂದು ತುಂಡು ಮುರಿದು ಸೇರಿಸಿದಳು: "ಆಯಿ, ವಾಪಸ್ ಕೊಡಡ, ಇಲ್ಲೇ ಇರ್ಲಿ."

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಕಣ್ಣು ತುಂಬಿದ್ದಂತೂ ನಿಜ. ಅಷ್ಟರಲ್ಲಿ ಮೂಲೆಯಿಂದ ಅತ್ತೆ, ಟಿವಿ ಧಾರಾವಾಹಿಯಿಂದ ಕಣ್ಣು ಕೀಳದೆ, "ಆನು ಅವತ್ತೇ ಹೇಳಿದ್ನಿಲ್ಯ, ಬೆಳಿಗ್ಗೆ ಆರು ಗಂಟೆಗೆ ಸಿಗ್ತು ಹೇಳಿ" ಎಂದರು.

ಡಿಸ್ಕ್ ವಾಪಸ್ ಹೋಗಲಿಲ್ಲ. "ಹೋದ ಆಟ ಇಟ್ಕೊಂಡು ಏನ್ ಮಾಡ್ತೀರ್ರಿ?" ಎಂದು ವೀರೇಶಣ್ಣ ಇಂದಿಗೂ ಕೇಳುತ್ತಾರೆ. ನಾನು ನಕ್ಕು ಮುಂದೆ ಹೋಗುತ್ತೇನೆ.

ಇವತ್ತು ಬೆಳಿಗ್ಗೆಯೂ ಚಾರ್ಜ್ ತುಂಬಿದ ಫೋನನ್ನು ಮಗಳ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಬಿಟ್ಟು ಅಡುಗೆಮನೆಯಿಂದಲೇ ಕೂಗಿದೆ, "ಸರ್ವರ್ ಬಂತನೇ?"

"ಇನ್ನೂ ಇಲ್ಲೆ ಆಯಿ! ಇನ್ನೊಂದು ಚೂರು ನೋಡ್ತ್ಯ" ಎಂಬ ಉತ್ತರ ಬಂತು. ಹಿಂದೆಯೇ ಯಲ್ಲಾಪುರದ ನಗುವೂ ಕೇಳಿಸಿತು.

ಸರ್ವರ್ ಬಾರದೇ ಇರಲಿ ದೇವರೇ ಎಂದು ಕೈಮುಗಿದವಳು ಇಡೀ ಜಿಲ್ಲೆಯಲ್ಲಿ ಬಹುಶಃ ನಾನೊಬ್ಬಳೇ.