ಬಿಚ್ಚದ ಜಡೆ

ಆ ಹುಡುಗಿ ಐದನೇ ತರಗತಿಯಲ್ಲಿದ್ದಳು. ನಾನು ಆಗ ನಂಜನಗೂಡಿನಿಂದ ದಿನವೂ ಹೆಡತಲೆ ಕಡೆಯ ಬಸ್ಸು ಹಿಡಿದು, ದಾರಿಯಲ್ಲಿ ಸಿಗುವ ಒಂದು ಸಣ್ಣ ಊರಿನ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದೆ. ಅವಳ ತಾಯಿ ಹೊಟ್ಟೆನೋವೆಂದು ಮೈಸೂರಿನ ಆಸ್ಪತ್ರೆ ಸೇರಿದವಳು ನಾಲ್ಕನೆಯ ದಿನಕ್ಕೆ ತೀರಿಕೊಂಡಿದ್ದಳು. ತಿಥಿ ಮುಗಿದ ಮೇಲೆ ಹುಡುಗಿ ಮತ್ತೆ ಶಾಲೆಗೆ ಬಂದಳು. ಮೊದಲೇ ಮಾತು ಕಡಿಮೆ, ಈಗ ಹಾಜರಿ ಕೂಗಿದಾಗ ಕೈ ಎತ್ತುವುದಷ್ಟೇ ಉಳಿದಿತ್ತು.

ಎರಡು ವಾರ ಕಳೆದಿರಬೇಕು. ಅವಳು ಬರೆಯುತ್ತ ಬರೆಯುತ್ತ ಪೆನ್ಸಿಲ್ಲಿನ ತುದಿಯಿಂದ ತಲೆ ಕೆರೆದುಕೊಳ್ಳುವುದು ಕಣ್ಣಿಗೆ ಬಿತ್ತು. ಹತ್ತಿರ ಹೋಗಿ ನೋಡಿದೆ. ಎರಡೂ ಜಡೆ ಹಗ್ಗದಂತೆ ಗಂಟುಗಟ್ಟಿದ್ದವು. ಕುತ್ತಿಗೆಯ ಹಿಂದೆ ಕೆರೆದು ಕೆರೆದು ಹುಣ್ಣಾಗಿತ್ತು. ಕಿವಿಯ ಹಿಂದೆ, ಕೂದಲ ಬುಡದಲ್ಲಿ ಬಿಳಿಯ ಚುಕ್ಕೆಗಳು. ಹೊಟ್ಟಿರಬಹುದೆಂದು ಉಗುರಿನಿಂದ ತಳ್ಳಿದೆ, ಉದುರಲಿಲ್ಲ. ಹೇನಿನ ಮೊಟ್ಟೆ, ಸೀರು. ಅಷ್ಟರಲ್ಲಿ ಒಂದು ಹೇನು ಕೆಂಪು ರಿಬ್ಬನ್ನಿನ ಮೇಲೆಯೇ ನಡೆದುಬಂತು. ನಾನು ಕೈ ಹಿಂದಕ್ಕೆಳೆದುಕೊಂಡೆ. ಅದನ್ನು ಅವಳು ನೋಡಿದಳು.

ಹಿಂದಿನ ದಿನವಷ್ಟೇ ಪಕ್ಕದಲ್ಲಿ ಕೂರುವ ಹುಡುಗಿಯ ತಾಯಿ ಗೇಟಿನ ಹತ್ತಿರ ನಿಂತು, "ಮಿಸ್, ನಮ್ ಮಗೀನ ಅದ್ರ ಪಕ್ಕ ಕೂರಿಸ್ಬ್ಯಾಡಿ" ಎಂದು ಜೋರು ಮಾಡಿ ಹೋಗಿದ್ದಳು. ನಾನು ಎಲ್ಲ ಮಕ್ಕಳ ಎದುರಿಗೇ ಹುಡುಗಿಯನ್ನು ಎಬ್ಬಿಸಿ ಹಿಂದಿನ ಗೋಡೆಯ ಹತ್ತಿರ ಒಬ್ಬಳೇ ಕೂರುವಂತೆ ಹೇಳಿದೆ. "ಅಜ್ಜಿಗೆ ಹೇಳು, ತಲೆ ಕ್ಲೀನ್ ಮಾಡಿಸಿ ಕಳಿಸ್ಲಿ. ಅಲ್ಲೀವರೆಗೆ ಕ್ಲಾಸಿಗೆ ಬರಬೇಡ" ಎಂದೆ. ಅವಳು ಒಂದೊಂದು ಜಡೆಯನ್ನು ಒಂದೊಂದು ಮುಷ್ಟಿಯಲ್ಲಿ ಹಿಡಿದುಕೊಂಡು ನಿಂತಳು. ಯಾರೋ ಕಿಸಕ್ಕೆಂದರು. ನಾನು ಸುಮ್ಮನಿರಿಸಲಿಲ್ಲ.

ಎರಡು ದಿನ ಅವಳು ಬರಲಿಲ್ಲ. ಮೂರನೆಯ ದಿನ ಊರಿನ ಆಶಾ ಕಾರ್ಯಕರ್ತೆ ಶಾಲೆಗೆ ಬಂದಾಗ ವಿಷಯ ಹೇಳಿದೆ. ಆಕೆ ನನ್ನನ್ನು ಒಂದು ಗಳಿಗೆ ನೋಡಿ, "ಒಂದ್ ಮಗೀನ್ ತಲೇಲಿ ಕಂಡ್ರೆ ಅದೊಂದ್ರಲ್ಲೇ ಅದೆ ಅನ್ಕಬ್ಯಾಡಿ ಮಿಸ್" ಎಂದು ಮಕ್ಕಳನ್ನು ಒಬ್ಬೊಬ್ಬರಾಗಿ ಬಿಸಿಲಿಗೆ ನಿಲ್ಲಿಸಿ ನೋಡಿದಳು. ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ತಲೆಗಳಲ್ಲಿ ಇತ್ತು. ದೂರು ಹೇಳಿದ ತಾಯಿಯ ಮಗಳಲ್ಲೂ ಇತ್ತು. ಕೊನೆಗೆ ನನ್ನ ತಲೆಯನ್ನೂ ನೋಡಿ, ಇಲ್ಲೂ ಅದೆ ಎಂದು ನಕ್ಕಳು. ವಾರಕ್ಕೆರಡು ಸಲ ಸೀಗೆಪುಡಿ ಹಾಕಿ ತಿಕ್ಕಿಕೊಳ್ಳುವ ತಲೆ ನನ್ನದು.

"ಹೇನು ಹಾರಲ್ಲ, ನೆಗೆಯಲ್ಲ. ತಲೆಗೆ ತಲೆ ತಾಕುದ್ರೆ ಅತ್ಕೊಂತದೆ, ಅಷ್ಟೆಯಾ. ಕೊಳೆ ತಲೆ, ಚೊಕ್ಕ ತಲೆ ಅಂತ ಅದ್ಕೇನ್ ಗೊತ್ತು? ಒದ್ದೆ ಕೂದ್ಲಲ್ಲಿ ಸೀರಣಿಗೆ ಇಟ್ಟು ಬುಡದಿಂದ ಬಾಚಿ. ಮೂರ್ ದಿನಕ್ಕೊಂದ್ಸಲ, ಎರಡ್ಮೂರು ವಾರ ಬುಡ್ದಂಗೆ. ಮನೇಲಿರೋರೆಲ್ಲ ಒಟ್ಗೆ ನೋಡ್ಕಬೇಕು. ಸೀಮೆಎಣ್ಣೆ ಗೀಮೆಎಣ್ಣೆ ಆಕ್ಬ್ಯಾಡಿ."

ಸಂಜೆ ಆಕೆಯನ್ನು ಕರೆದುಕೊಂಡು ಹುಡುಗಿಯ ಮನೆಗೆ ಹೋದೆ. ದಾರಿಯಲ್ಲೇ ಒಂದು ಸೀರಣಿಗೆ ಕೊಂಡಿದ್ದೆ. ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಒಳಗೆ ಬಾಗಿಲ ಸಂದಿಯಲ್ಲಿ ಒಂದು ಬೋಳುತಲೆ ಕಂಡು ಮರೆಯಾಯಿತು.

"ಬೋಳಿಸ್ಬುಟ್ರಾ?" ಎಂದಳು ಆಶಾ ಕಾರ್ಯಕರ್ತೆ.

"ಇನ್ನೇನವ್ವ ಮಾಡದು? ತಲೆ ಮುಟ್ಟುಕ್ಕೇ ಬುಡಕ್ಕಿಲ್ಲ ಅಂತಿತ್ತು. ಅವ್ರವ್ವ ಆಸ್ಪತ್ರೆಗೆ ಓಗೋ ದಿಸ ಬೆಳಿಗ್ಗೆ ಆಕ್ಕೊಟ್ಟ ಜಡೆ ಅದು. ನಾ ಬರಗಂಟ ಬಿಚ್ಬ್ಯಾಡ ಕಣವ್ವ ಅಂದಿದ್ಳಂತೆ. ಅದ್ನೇ ಇಡ್ಕಂಡು ಕುಂತ್ಕತ್ತು. ತಿಥಿ ದಿನ್ವೂ ಜಡೆ ಮ್ಯಾಲೇ ನೀರುಯ್ದೊ. ಓಗ್ಲಿ, ಅದಾಗೇ ಬಿಚ್ಚಲಿ ಅಂತ ಸುಮ್ಕಿದ್ದೆ." ಅಜ್ಜಿ ನನ್ನ ಕಡೆ ತಿರುಗಿದಳು. "ನೀವು ಕ್ಲಾಸಿಗೆ ಬರ್ಬ್ಯಾಡ ಅಂದ್ರಂತಲ್ಲ. ಅವರ ಮಾವ ಎಳ್ಕಂಡೋಗಿ ಬೋಳಿಸ್ಕಂಡ್ ಬಂದ. ಇಬ್ರು ಇಡ್ಕಬೇಕಾಯ್ತಂತೆ."

"ಆ ಜಡೆ?" ಎಂದು ಕೇಳಿದೆ.

"ಹೇನು ತುಂಬಿದ್ವಲ್ಲ ಮಿಸ್ಸಮ್ಮ. ನೀರೊಲೆಗೆ ಆಕ್ದೋ."

ಬೋಳಿಸುವ ಅಗತ್ಯವೇ ಇರಲಿಲ್ಲ ಎಂದು ಆಶಾ ಕಾರ್ಯಕರ್ತೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿ ಆ ಮುದುಕಿಯ ಮೇಲೆ ಇನ್ನೊಂದು ಭಾರ ಹೊರಿಸಬೇಕಿತ್ತೇ? ಬಾಗಿಲ ಬಳಿ ನಿಂತು ಹುಡುಗಿಯ ಹೆಸರು ಹಿಡಿದು ಕರೆದೆ. ಅವಳು ಹೊರಗೆ ಬರಲಿಲ್ಲ.

ಆಮೇಲೆ ಪ್ರತಿ ಶನಿವಾರ ಬೆಳಗಿನ ಪಾಠ ಮುಗಿಸಿ ಹೆಣ್ಣುಮಕ್ಕಳನ್ನು ಸಾಲಾಗಿ ಕೂರಿಸಿ ನಾನೇ ತಲೆ ನೋಡತೊಡಗಿದೆ. ಮೊದಲು ನನ್ನ ತಲೆಯನ್ನು ಅವರಿಂದಲೇ ನೋಡಿಸಿಕೊಳ್ಳುತ್ತಿದ್ದೆ. ಬಾಚಣಿಗೆ, ಕ್ಲಿಪ್ಪು, ಟವೆಲ್ಲು ಅವರವರದು ಅವರವರಿಗೇ ಇರಲಿ, ಆಡುವಾಗ ಕೂದಲು ಕಟ್ಟಿಕೊಂಡಿರಿ ಎಂದು ಹೇಳಿಕೊಟ್ಟೆ. ಯಾರ ತಲೆಯಲ್ಲಿ ಏನು ಕಂಡರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮನೆಯವರಿಗೆ ಮಾತ್ರ ತಿಳಿಸುತ್ತಿದ್ದೆ. ಕೆಲವು ತಿಂಗಳಲ್ಲಿ ಶಾಲೆಯಲ್ಲಿ ಹೇನು ಬಹುಮಟ್ಟಿಗೆ ಕಡಿಮೆಯಾಯಿತು.

ಆ ಹುಡುಗಿ ನಾವು ಮನೆಗೆ ಹೋಗಿಬಂದ ಮರುವಾರವೇ ತಲೆಗೆ ಟವೆಲ್ಲು ಸುತ್ತಿಕೊಂಡು ಬಂದಳು. ಬಂದವಳು ನೇರ ಹಿಂದಿನ ಗೋಡೆಯ ಹತ್ತಿರ ಹೋಗಿ ಕುಳಿತಳು. ಮುಂದೆ ಬಾ ಎಂದು ಕರೆದೆ. "ಇಲ್ಲೇ ಕುಂತ್ಕತೀನಿ ಮಿಸ್" ಎಂದಳು. ಏಳನೇ ತರಗತಿ ಮುಗಿಯುವವರೆಗೂ ಅಲ್ಲೇ ಕುಳಿತಳು. ಶನಿವಾರ ಅವಳ ತಲೆಯನ್ನು ನೋಡುತ್ತಿದ್ದವಳು ಅವಳದೇ ತರಗತಿಯ ಒಬ್ಬ ಗೆಳತಿ. ನನ್ನ ಹತ್ತಿರ ಅವಳು ಒಮ್ಮೆಯೂ ತಲೆ ಬಗ್ಗಿಸಲಿಲ್ಲ. ಕೂದಲು ಕಿವಿಯಿಂದ ಕೆಳಗಿಳಿದ ಕೂಡಲೇ ತಾನೇ ಹೇಳಿ ಕತ್ತರಿಸಿಕೊಳ್ಳುತ್ತಿದ್ದಳಂತೆ.

ಮುಂದೆ ಓದಿಸಲು ನರಸೀಪುರದ ಚಿಕ್ಕಮ್ಮ ಅವಳನ್ನು ಕರೆದೊಯ್ಯಲು ಬಂದ ದಿನ ಟಿ.ಸಿ. ನಾನೇ ಬರೆದೆ. ಆಫೀಸಿನಲ್ಲಿ ನಾವಿಬ್ಬರೇ ಇದ್ದಾಗ ಹೇಳಿದೆ, "ಆವತ್ತು ನಾನು ಹಾಗೆ ಮಾಡಬಾರದಿತ್ತು. ನಿನ್ನನ್ನ ಕೇಳಬೇಕಿತ್ತು. ತಪ್ಪಾಯ್ತು ಕಣಮ್ಮ."

ಅವಳು ಟಿ.ಸಿ.ಯನ್ನು ನೀಟಾಗಿ ಮಡಿಸಿ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡಳು. "ಪರ್ವಾಗಿಲ್ಲ ಮಿಸ್" ಎಂದಳು, ದೊಡ್ಡವರು ಮಾತು ಮುಗಿಸುವ ಹಾಗೆ. ಹೊರಗೆ ಚಿಕ್ಕಮ್ಮ ಬಸ್ಸಿಗೆ ಹೊತ್ತಾಯಿತೆಂದು ಕೂಗಿದಳು. ಅವಳು ಹೋದಳು.